ಮೊಳಕೆಯನ್ನು ನೋಡುವ ಕಣ್ಣು

2007ರ ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಮಗಳ ಬಾಣಂತನಕ್ಕೆಂದು ಅಮೆರಿಕದ ಆರೆಗಾನ್ ರಾಜ್ಯಕ್ಕೆ ಹೋಗಿದ್ದೆವು. ಪೋರ್ಟ್‌ಲ್ಯಾಂಡ್ ನಗರದ ಪಶ್ಚಿಮಕ್ಕೆ ಹಿಲ್ಸ್‌ಬರೋ ಎಂಬ ಊರಿದೆ. ಇಂಟೆಲ್ ಸಂಸ್ಥೆಯ ಕಾರ್ಖಾನೆಗಳು ಅಲ್ಲಿರುವುದರಿಂದ ಕನ್ನಡ ಕೇಳಿಬರುವ ಮನೆಗಳಿಗೂ ಕೊರತೆಯಿಲ್ಲ. ಪತ್ನಿಗೆ ಕೈತುಂಬ ಕೆಲಸ, ನನಗೆ ಕೈತುಂಬ ಬಿಡುವು. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿ ನಿವೃತ್ತನಾದವನಿಗೆ ಸಂಜೆಯ ಹೊತ್ತು ಕಳೆಯುವುದೇ ಒಂದು ಸಮಸ್ಯೆ. ಎದುರುಮನೆಯ ವೃದ್ಧರೊಬ್ಬರು, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಆ ಸಮಸ್ಯೆಯನ್ನು ಬಗೆಹರಿಸಿದರು. ಅವರ ಮನೆಯ ಮುಂಗಟ್ಟೆಯ ಮೇಲೆ ಕುಳಿತು ನಾವಿಬ್ಬರೂ ಮಾತನಾಡುತ್ತಿದ್ದೆವು. ಅವರ ಇಂಗ್ಲಿಷು ನನಗೆ ಅರ್ಧ, ನನ್ನ ಇಂಗ್ಲಿಷು ಅವರಿಗೆ ಅರ್ಧ. ಆದರೂ ಇಬ್ಬರು ಪಿಂಚಣಿದಾರರಿಗೆ ಅಷ್ಟು ಸಾಕಾಗಿತ್ತು.

ಆ ವರ್ಷ ಊರಿಗೆ ಊರೇ ಒಂದು ಸಂಭ್ರಮದಲ್ಲಿತ್ತು. ಜೂನ್ 28ರಂದು ನ್ಯೂಯಾರ್ಕಿನಲ್ಲಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡಗಳು ಕಾಲೇಜಿನ ಹುಡುಗರನ್ನು ಆರಿಸಿಕೊಳ್ಳುವ ಸಮಾರಂಭ. ಅದರಲ್ಲಿ ಮೊದಲ ಆಯ್ಕೆಯ ಹಕ್ಕು ಚೀಟಿ ಎತ್ತುವುದರಲ್ಲಿ ಪೋರ್ಟ್‌ಲ್ಯಾಂಡಿಗೆ ಒಲಿದಿತ್ತು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಗ್ರೆಗ್ ಓಡೆನ್ ಎಂಬ ಏಳಡಿಯ ಹುಡುಗನನ್ನು ಆರಿಸುವರೆಂದು ಎಲ್ಲರಿಗೂ ಗೊತ್ತಿತ್ತು. ಆಯ್ಕೆಯಾದ ಮರುದಿನ ನಗರದ ಚೌಕದಲ್ಲಿ ಸಾವಿರಾರು ಜನ ಸೇರಿ ಅವನನ್ನು ಸ್ವಾಗತಿಸಿದರು. ನನ್ನ ಅಂಚೆಯ ಮಿತ್ರರು ಮಾತ್ರ ಹೋಗಲಿಲ್ಲ. ಕಾರಣ ಕೇಳಿದೆ. "ಇದನ್ನು 1984ರಲ್ಲಿ ಒಮ್ಮೆ ನೋಡಿದ್ದೇನೆ" ಎಂದಷ್ಟೇ ಹೇಳಿ ಸುಮ್ಮನಾದರು. ಇತಿಹಾಸದ ಮೇಷ್ಟರಿಗೆ ಒಂದು ಇಸವಿಯನ್ನು ಹೇಳಿ ಸುಮ್ಮನಾಗಬಾರದು. ಅಂದಿನಿಂದ ಆ ಇಸವಿಯ ಹಿಂದೆ ಬಿದ್ದೆ. ಬ್ಯಾಸ್ಕೆಟ್‌ಬಾಲಿನ ಬಗ್ಗೆ ಬರೆಯುವ ಅರ್ಹತೆ ನನಗಿಲ್ಲ. ಆದರೆ ಮಕ್ಕಳನ್ನು ನೋಡಿ ಅವರು ಮುಂದೆ ಏನಾಗುವರೆಂದು ಅಂದಾಜು ಮಾಡುವ ಕೆಲಸವನ್ನು ನಾನೂ ಮೂವತ್ತೈದು ವರ್ಷ ಮಾಡಿದ್ದೇನೆ. ಆ ಒಂದು ಹಕ್ಕಿನಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಪದ್ಧತಿಯನ್ನು ವಿವರಿಸಬೇಕು. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ನಮ್ಮ ಕ್ರಿಕೆಟ್ಟಿನ ಐಪಿಎಲ್ ಹರಾಜಿನಂತೆ ಇಲ್ಲಿ ಹಣ ಕೂಗುವುದಿಲ್ಲ. ಹಳ್ಳಿಯ ಮೈದಾನದಲ್ಲಿ ಇಬ್ಬರು ನಾಯಕರು ನಿಂತು ಒಬ್ಬೊಬ್ಬರ ಹೆಸರು ಕರೆಯುತ್ತ ತಂಡ ಕಟ್ಟುತ್ತಿದ್ದುದು ಓದುಗರಿಗೆ ನೆನಪಿರಬಹುದು. ಹೆಚ್ಚುಕಡಿಮೆ ಅದೇ ಕ್ರಮ. ಒಂದು ತಂಡ ಕರೆದ ಹುಡುಗನ ಮೇಲೆ ಉಳಿದ ತಂಡಗಳಿಗೆ ಹಕ್ಕಿಲ್ಲ. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ದುರ್ಬಲರು ಬಲಗೊಳ್ಳಲಿ, ಪಂದ್ಯಾವಳಿಯ ಸಮತೋಲ ಉಳಿಯಲಿ ಎಂಬುದು ಇದರ ಹಿಂದಿನ ವಿಚಾರ. ನಮ್ಮ ಸಿಇಟಿಯಲ್ಲಿ ಮೇಲಿನ ರ‍್ಯಾಂಕಿನ ವಿದ್ಯಾರ್ಥಿ ಮೊದಲು ಕಾಲೇಜನ್ನು ಆರಿಸಿಕೊಳ್ಳುತ್ತಾನೆ. ಇಲ್ಲಿ ಕೆಳಗಿನ ರ‍್ಯಾಂಕಿನ ಕಾಲೇಜು ಮೊದಲು ವಿದ್ಯಾರ್ಥಿಯನ್ನು ಆರಿಸಿಕೊಳ್ಳುತ್ತದೆ ಎಂದುಕೊಂಡರೆ ಅರ್ಥವಾದೀತು.

ಇಂದಿನ ಎನ್‌ಬಿಎ ಸಂಘಟನೆಯ ಪೂರ್ವರೂಪದಲ್ಲಿ ಮೊದಲ ಡ್ರಾಫ್ಟ್ ನಡೆದದ್ದು 1947ರಲ್ಲಿ. ಅಂದು ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಟೆಕ್ಸಸ್ ವೆಸ್ಲಿಯನ್ ಕಾಲೇಜಿನ ಕ್ಲಿಫ್ಟನ್ ಮೆಕ್‌ನೀಲಿ. ಆತ ಒಂದು ದಿನವೂ ವೃತ್ತಿಪರ ಆಟವಾಡಲಿಲ್ಲ. ಟೆಕ್ಸಸ್ ರಾಜ್ಯದ ಪ್ಯಾಂಪಾ ಎಂಬ ಊರಿನ ಪ್ರೌಢಶಾಲೆಗೆ ತರಬೇತುದಾರನಾಗಿ ಹೋಗಿ, ತನ್ನ ವಿದ್ಯಾರ್ಥಿಗಳಿಗೆ ನಾಲ್ಕು ಬಾರಿ ರಾಜ್ಯ ಪ್ರಶಸ್ತಿ ಗೆಲ್ಲಿಸಿಕೊಟ್ಟ. ಈ ಇತಿಹಾಸದ ಮೊದಲ ಹೆಸರೇ ಒಬ್ಬ ಶಾಲಾ ಮೇಷ್ಟರದು ಎಂದು ತಿಳಿದಾಗ ನನಗಾದ ಸಂತೋಷವನ್ನು ಶಿಕ್ಷಕ ಮಿತ್ರರು ಊಹಿಸಬಲ್ಲರು.

ಇನ್ನು 1984ಕ್ಕೆ ಬರೋಣ. ಆಗ ಮೊದಲ ಎರಡು ಸರದಿಗಳನ್ನು ನಾಣ್ಯ ಚಿಮ್ಮಿ ನಿರ್ಧರಿಸುತ್ತಿದ್ದರು. ಪೂರ್ವ ವಿಭಾಗದ ಕಡೆಯ ತಂಡಕ್ಕೂ ಪಶ್ಚಿಮ ವಿಭಾಗದ ಕಡೆಯ ತಂಡಕ್ಕೂ ಆ ನಾಣ್ಯದಲ್ಲಿ ಪಾಲು. ಆ ವರ್ಷ ಪಶ್ಚಿಮದಲ್ಲಿ ಕಡೆಯದು 29 ಪಂದ್ಯ ಗೆದ್ದ ಹ್ಯೂಸ್ಟನ್. ಪೂರ್ವದಲ್ಲಿ ಕಡೆಯದು 26 ಪಂದ್ಯ ಗೆದ್ದ ಇಂಡಿಯಾನಾ. ಆದರೆ ಇಂಡಿಯಾನಾ ತಂಡ 1981ರಲ್ಲಿಯೇ ಟಾಮ್ ಓವೆನ್ಸ್ ಎಂಬ ಹಿರಿಯ ಆಟಗಾರನಿಗಾಗಿ ಈ ಸರದಿಯನ್ನು ಪೋರ್ಟ್‌ಲ್ಯಾಂಡಿಗೆ ಬಿಟ್ಟುಕೊಟ್ಟಿತ್ತು. ಹೀಗಾಗಿ 48 ಪಂದ್ಯ ಗೆದ್ದ ಒಳ್ಳೆಯ ತಂಡವೊಂದಕ್ಕೆ ಸೋತವರ ಸರದಿ ಸಿಕ್ಕಿತು. ನಾಣ್ಯ ಹ್ಯೂಸ್ಟನ್ನಿಗೆ ಒಲಿಯಿತು. 1983ರಲ್ಲಿಯೂ ಅದಕ್ಕೇ ಒಲಿದಿತ್ತು. ಮೊದಲ ಸರದಿಗಾಗಿ ಹ್ಯೂಸ್ಟನ್ ಬೇಕೆಂದೇ ಸೋಲುತ್ತಿದೆಯೆಂಬ ಆರೋಪ ಜೋರಾಗಿತ್ತು. ಮುಂದಿನ ವರ್ಷವೇ ನಾಣ್ಯ ಹೋಗಿ ಲಾಟರಿ ಬಂದಿತು.

ಅಂದಿನ ಅಭ್ಯರ್ಥಿಗಳಲ್ಲಿ ಮೂವರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮೊದಲನೆಯವನು ನೈಜೀರಿಯದ ಲಾಗೋಸ್ ನಗರದಲ್ಲಿ ಹುಟ್ಟಿ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಓದಿದ ಹಕೀಮ್ ಒಲಾಜುವಾನ್. ಎತ್ತರದ ಆಳು, ಆದರೆ ಪಾದಗಳಲ್ಲಿ ನರ್ತಕನ ಚುರುಕು. ಅವನ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ. ಹ್ಯೂಸ್ಟನ್ ಅವನನ್ನೇ ತೆಗೆದುಕೊಂಡಿತು. ಎರಡನೆಯವನು ಕೆಂಟಕಿ ವಿಶ್ವವಿದ್ಯಾಲಯದ ಸ್ಯಾಮ್ ಬೋವಿ, 7 ಅಡಿ 1 ಅಂಗುಲ. ಮೂರನೆಯವನು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಮೈಕೆಲ್ ಜೋರ್ಡನ್, 6 ಅಡಿ 6 ಅಂಗುಲ. ಈ ಇಬ್ಬರಲ್ಲಿ ಪೋರ್ಟ್‌ಲ್ಯಾಂಡ್ ಒಬ್ಬನನ್ನು ಆರಿಸಬೇಕಿತ್ತು. ಬೋವಿಯನ್ನು ಆರಿಸಿತು. ಮೂರನೆಯ ಸರದಿಯ ಷಿಕಾಗೊ ಜೋರ್ಡನ್ನನನ್ನು ಪಡೆದು, 1991ರಿಂದ 1998ರೊಳಗೆ ಆರು ಪ್ರಶಸ್ತಿಗಳನ್ನು ಗೆದ್ದಿತು. ಆಯ್ಕೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಪ್ಪು ನಡೆದಿಲ್ಲವೆಂದು ನಲವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ.

ಇತಿಹಾಸದ ಪಾಠ ಮಾಡುವಾಗ ನಾನು ಮಕ್ಕಳಿಗೆ ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದೆ. ಪಾಣಿಪತ್ತಿನಲ್ಲಿ ಯಾರು ಗೆದ್ದರೆಂಬುದು ನಿಮಗೆ ಗೊತ್ತು, ಯುದ್ಧಕ್ಕೆ ಹೊರಟವರಿಗೆ ಗೊತ್ತಿರಲಿಲ್ಲ. ಅವರನ್ನು ಅಳೆಯುವಾಗ ಅವರಿಗೆ ಗೊತ್ತಿದ್ದಷ್ಟನ್ನೇ ಕೈಯಲ್ಲಿ ಹಿಡಿದು ಅಳೆಯಬೇಕು. ಅದೇ ನ್ಯಾಯವನ್ನು ಪೋರ್ಟ್‌ಲ್ಯಾಂಡಿಗೂ ಸಲ್ಲಿಸೋಣ.

ಆ ತಂಡದ ಆಯ್ಕೆಯ ಹೊಣೆ ಸ್ಟೂ ಇನ್‌ಮನ್ ಎಂಬುವರದು. ಅವರು ದಡ್ಡರಲ್ಲ. 1977ರಲ್ಲಿ ಪೋರ್ಟ್‌ಲ್ಯಾಂಡ್ ಗೆದ್ದ ಏಕೈಕ ಪ್ರಶಸ್ತಿಯ ತಂಡವನ್ನು ಕಟ್ಟಿದವರಲ್ಲಿ ಅವರು ಪ್ರಮುಖರು. 1983ರಲ್ಲಿ ಹದಿಮೂರು ಸರದಿಗಳು ಕಳೆದರೂ ಯಾರೂ ಮುಟ್ಟದ ಕ್ಲೈಡ್ ಡ್ರೆಕ್ಸ್ಲರ್ ಎಂಬ ಹುಡುಗನನ್ನು ಹದಿನಾಲ್ಕನೆಯವನಾಗಿ ಆರಿಸಿದ್ದು ಪೋರ್ಟ್‌ಲ್ಯಾಂಡ್. ಮುಂದೆ ಆ ಹುಡುಗ ತನ್ನ ಪೀಳಿಗೆಯ ಶ್ರೇಷ್ಠರಲ್ಲಿ ಒಬ್ಬನಾದ. ಈಗ ತೊಡಕನ್ನು ನೋಡಿ. ಡ್ರೆಕ್ಸ್ಲರ್ ಆಡುತ್ತಿದ್ದ ಸ್ಥಾನವೂ ಜೋರ್ಡನ್ ಆಡುತ್ತಿದ್ದ ಸ್ಥಾನವೂ ಒಂದೇ. ಅದೇ ಸ್ಥಾನಕ್ಕೆ ಜಿಮ್ ಪ್ಯಾಕ್ಸನ್ ಎಂಬ ಇನ್ನೊಬ್ಬ ಒಳ್ಳೆಯ ಆಟಗಾರನೂ ಇದ್ದ. ತಂಡಕ್ಕೆ ಇಲ್ಲದಿದ್ದುದು ಬುಟ್ಟಿಯ ಕೆಳಗೆ ಕೋಟೆಯಂತೆ ನಿಲ್ಲುವ ಸೆಂಟರ್ ಆಟಗಾರ. 1977ರ ಪ್ರಶಸ್ತಿ ತಂದುಕೊಟ್ಟ ಬಿಲ್ ವಾಲ್ಟನ್ ಅಂಥ ಆಟಗಾರ. ಪಾದದ ಗಾಯಗಳಿಂದ ಅವನು ನೆಲಕಚ್ಚಿದ. 1979ರಲ್ಲಿ ಊರು ಬಿಟ್ಟು ಹೋದ. ಅಂದಿನಿಂದ ಆ ಜಾಗ ತುಂಬಿರಲಿಲ್ಲ. ಸಾಲದ್ದಕ್ಕೆ 1984ರ ಜೂನ್ ತಿಂಗಳಲ್ಲಿಯೇ, ಆಯ್ಕೆಗೆ ಕೆಲವೇ ದಿನ ಮುಂಚೆ, ಕಿಕಿ ವ್ಯಾಂಡೆವೇ ಎಂಬ ಆಟಗಾರನಿಗಾಗಿ ಪೋರ್ಟ್‌ಲ್ಯಾಂಡ್ ತನ್ನ ಸೆಂಟರ್ ಆಟಗಾರ ವೇಯ್ನ್ ಕೂಪರನನ್ನೂ ಇತರರ ಜೊತೆಗೆ ಬಿಟ್ಟುಕೊಟ್ಟಿತ್ತು. ಮನೆಯ ಮುಂಬಾಗಿಲೇ ಇಲ್ಲದಿರುವಾಗ ಇನ್ನೊಂದು ಕಿಟಕಿ ಯಾರಿಗೆ ಬೇಕು?

ಕಾಲದ ನಂಬಿಕೆಯೂ ಹಾಗೆಯೇ ಇತ್ತು. ಬಿಲ್ ರಸೆಲ್, ವಿಲ್ಟ್ ಚೇಂಬರ್ಲೇನ್, ಕರೀಮ್ ಅಬ್ದುಲ್ ಜಬ್ಬಾರ್, ವಾಲ್ಟನ್, ಮೋಸಸ್ ಮಲೋನ್ ಹೀಗೆ ಗೆದ್ದ ತಂಡಗಳ ನಡುವೆ ಸಾಮಾನ್ಯವಾಗಿ ಒಬ್ಬ ಮಹಾಕಾಯನಿರುತ್ತಿದ್ದ. ಜೋರ್ಡನ್ನನನ್ನು ಪಡೆದ ಷಿಕಾಗೊ ತಂಡದ ವ್ಯವಸ್ಥಾಪಕ ರಾಡ್ ಥಾರ್ನ್ ಅವರೇ, ಹುಡುಗ ಏಳಡಿ ಇದ್ದಿದ್ದರೆ ಚೆನ್ನಾಗಿತ್ತು ಎಂಬ ಧಾಟಿಯಲ್ಲಿ ಪತ್ರಿಕೆಗಳಿಗೆ ಹೇಳಿದ್ದರು. ವಜ್ರ ಕೈಗೆ ಬಂದವರಿಗೂ ಅದು ವಜ್ರವೆಂದು ಪೂರ್ತಿಯಾಗಿ ತಿಳಿದಿರಲಿಲ್ಲ.

ಜೋರ್ಡನ್ನನ ಗುಣ ಯಾರಿಗೂ ಕಾಣಿಸಿರಲಿಲ್ಲ ಎನ್ನುವುದೂ ಸರಿಯಲ್ಲ. 1982ರಲ್ಲಿ, ಮೊದಲ ವರ್ಷದ ವಿದ್ಯಾರ್ಥಿಯಾಗಿರುವಾಗಲೇ, ಜಾರ್ಜ್‌ಟೌನ್ ವಿರುದ್ಧ ಅಂತಿಮ ಪಂದ್ಯದ ಕೊನೆಯ ಕ್ಷಣಗಳಲ್ಲಿ ಗೆಲುವಿನ ಬುಟ್ಟಿ ಹಾಕಿದವನು ಅವನು. 1984ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನೆಂಬ ಪುರಸ್ಕಾರಗಳೂ ಅವನವೇ. ಆದರೆ ಅವನ ಗುರು ಡೀನ್ ಸ್ಮಿತ್ ಅವರು ತಂಡದ ಶಿಸ್ತನ್ನು ವ್ಯಕ್ತಿಯ ಪ್ರತಿಭೆಗಿಂತ ಮೇಲೆ ಇಟ್ಟವರು. ಆ ಶಿಸ್ತಿನೊಳಗೆ ಕೊನೆಯ ವರ್ಷ ಜೋರ್ಡನ್ನನ ಸರಾಸರಿ ಪಂದ್ಯಕ್ಕೆ 19.6 ಅಂಕ. ಜೋರ್ಡನ್ನನನ್ನು ಇಪ್ಪತ್ತರ ಕೆಳಗೆ ಕಟ್ಟಿಹಾಕಿದವರು ಅವರ ಗುರುವೊಬ್ಬರೇ ಎಂಬ ತಮಾಷೆ ಮುಂದೆ ಹುಟ್ಟಿಕೊಂಡಿತು. ತಮಾಷೆಯಲ್ಲಿ ಸತ್ಯವಿದೆ. ಒಳ್ಳೆಯ ಶಾಲೆಯ ಸಮವಸ್ತ್ರ ಮಕ್ಕಳ ಬಡತನವನ್ನು ಮರೆಸುವಂತೆ ಕೆಲವೊಮ್ಮೆ ಅವರ ಸಿರಿಯನ್ನೂ ಮರೆಸುತ್ತದೆ.

ಇನ್ನು ಬೋವಿ. ಅವನ ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ. ಏಳಡಿಯ ಮೈಯಲ್ಲಿ ಚೆಂಡನ್ನು ಹಂಚುವ ಜಾಣ್ಮೆ, ಎದುರಾಳಿಯ ಎಸೆತವನ್ನು ತಡೆಯುವ ಚುರುಕು ಎರಡೂ ಇದ್ದವು. ತೊಂದರೆ ಇದ್ದದ್ದು ಎಡಗಾಲಿನಲ್ಲಿ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು ಬಿಟ್ಟು, 1981ರಿಂದ 1983ರವರೆಗೆ ಎರಡು ಪೂರ್ಣ ಋತುಗಳನ್ನು ಅವನು ಕಳೆದುಕೊಂಡಿದ್ದ. ಮರಳಿ ಬಂದ ಮೇಲೆ ಕೊನೆಯ ವರ್ಷ ಪಂದ್ಯಕ್ಕೆ 10.5 ಅಂಕ, 9.2 ರೀಬೌಂಡ್ ಗಳಿಸಿ, ಕೆಂಟಕಿ ತಂಡ ರಾಷ್ಟ್ರದ ಕೊನೆಯ ನಾಲ್ವರಲ್ಲಿ ಒಂದಾಗಲು ನೆರವಾದ. ವಾಲ್ಟನ್ನನ ಪಾದದಿಂದ ಪಾಠ ಕಲಿತಿದ್ದ ಪೋರ್ಟ್‌ಲ್ಯಾಂಡ್ ಕಣ್ಣು ಮುಚ್ಚಿ ಮುಂದುವರಿಯಲಿಲ್ಲ. ಬೋವಿಯನ್ನು ಕರೆಸಿ ಗಂಟೆಗಟ್ಟಲೆ ವೈದ್ಯಕೀಯ ಪರೀಕ್ಷೆ ನಡೆಸಿತು. ವೈದ್ಯರು ಕಾಲು ಸರಿಯಾಗಿದೆಯೆಂದರು. 1984ರ ಜೂನ್ 19ರಂದು ನ್ಯೂಯಾರ್ಕಿನಲ್ಲಿ ಅವನ ಹೆಸರು ಕರೆದರು.

ಆ ಪರೀಕ್ಷೆಯಲ್ಲಿ ನಡೆದದ್ದನ್ನು ಬೋವಿ ಬಾಯಿಬಿಟ್ಟು ಹೇಳಿದ್ದು ಇಪ್ಪತ್ತೆಂಟು ವರ್ಷಗಳ ನಂತರ, 2012ರಲ್ಲಿ ಅವನ ಬಗ್ಗೆ ತಯಾರಾದ ಸಾಕ್ಷ್ಯಚಿತ್ರದಲ್ಲಿ. ವೈದ್ಯರು ಪುಟ್ಟ ಸುತ್ತಿಗೆಯಿಂದ ಎಡಗಾಲ ಮೂಳೆಯ ಮೇಲೆ ಬಡಿದು ನೋವಿದೆಯೇ ಎಂದು ಕೇಳುತ್ತಿದ್ದರಂತೆ. ಏನೂ ಅನಿಸುತ್ತಿಲ್ಲ ಎಂದು ಅವನು ಹೇಳುತ್ತಿದ್ದನಂತೆ. ಒಳಗೆ ಮಾತ್ರ ನೋಯುತ್ತಿತ್ತು. ತನ್ನನ್ನು ನಂಬಿಕೊಂಡವರಿಗೆ ಆಸರೆಯಾಗಬೇಕಾದ ಸ್ಥಿತಿಯಲ್ಲಿದ್ದವನು ಹಾಗೆ ಮಾಡಿದ್ದು ತಪ್ಪಾದರೆ ತಪ್ಪೇ ಇರಲಿ, ಅಂಥ ಸ್ಥಿತಿಯಲ್ಲಿ ನಮ್ಮಲ್ಲಿ ಬಹುಪಾಲು ಮಂದಿ ಅದನ್ನೇ ಮಾಡುತ್ತಿದ್ದೆವು ಎಂಬರ್ಥದ ಮಾತನ್ನು ಅವನು ಆಡಿದ್ದಾನೆ. ಆ ಮಾತನ್ನು ಕೇಳಿದಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಮುಂದೆ ನಡೆದದ್ದು ಜನ ಹೇಳುವಷ್ಟು ಸರಳವಾಗಿಲ್ಲ. ಮೊದಲ ವರ್ಷ ಬೋವಿ 82 ಪಂದ್ಯಗಳಲ್ಲಿ 76ನ್ನು ಆಡಿದ. ವರ್ಷದ ಕೊನೆಗೆ ಹೊಸಬರಲ್ಲಿ ಶ್ರೇಷ್ಠರಾದ ಐವರನ್ನು ಆರಿಸಿದಾಗ ಬಂದ ಹೆಸರುಗಳು ಒಲಾಜುವಾನ್, ಬೋವಿ, ಜೋರ್ಡನ್, ಸ್ಯಾಮ್ ಪರ್ಕಿನ್ಸ್, ಚಾರ್ಲ್ಸ್ ಬಾರ್ಕ್ಲಿ. ಅಂದರೆ ಡ್ರಾಫ್ಟಿನಲ್ಲಿ ಮೊದಲು ಕರೆದ ಐವರೇ. ಒಂದು ವರ್ಷದ ಮಟ್ಟಿಗೆ ನೋಡಿದರೆ ಆಯ್ಕೆಗಾರರಿಗೆ ನೂರಕ್ಕೆ ನೂರು ಅಂಕ ಕೊಡಬಹುದಿತ್ತು! ಎರಡನೆಯ ವರ್ಷ ಬೋವಿ ಆಡಿದ್ದು 38 ಪಂದ್ಯ. ಮೂರನೆಯ ವರ್ಷ ಐದು. ಐದನೆಯ ಪಂದ್ಯದಲ್ಲಿ ಮುರಿದದ್ದು ಬಲಗಾಲು, ವೈದ್ಯರು ಬಡಿದು ನೋಡಿದ ಎಡಗಾಲಲ್ಲ. ನಾಲ್ಕನೆಯ ವರ್ಷ ಒಂದೂ ಇಲ್ಲ, ಐದನೆಯ ವರ್ಷ ಇಪ್ಪತ್ತು. ಐದು ವರ್ಷಗಳಲ್ಲಿ ಒಟ್ಟು 139. 1989ರಲ್ಲಿ ಅವನನ್ನು ನ್ಯೂಜೆರ್ಸಿಗೆ ಕೊಟ್ಟು ಬಕ್ ವಿಲಿಯಮ್ಸ್ ಎಂಬವನನ್ನು ತಂದರು. ಪೋರ್ಟ್‌ಲ್ಯಾಂಡ್ 1990ರಲ್ಲಿ ಅಂತಿಮ ಸುತ್ತಿಗೆ ಹೋಗಿ ಸೋತಿತು. 1992ರಲ್ಲಿ ಮತ್ತೆ ಹೋದಾಗ ಸೋಲಿಸಿದವನು ಜೋರ್ಡನ್. ಬೋವಿ ಹತ್ತು ಋತುಗಳಲ್ಲಿ 511 ಪಂದ್ಯಗಳನ್ನಾಡಿ 1995ರಲ್ಲಿ ನಿವೃತ್ತನಾದ. ಸರಾಸರಿ 10.9 ಅಂಕ. ಎರಡೂ ಕಾಲು ಮುರಿದುಕೊಂಡ ಮನುಷ್ಯ ಅಷ್ಟು ಆಡಿದನೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜೋರ್ಡನ್ನನ ಕಾಲೂ ಮುರಿಯಿತೆಂಬುದನ್ನು ಇನ್ನೂ ಕಡಿಮೆ ಜನ ನೆನೆಯುತ್ತಾರೆ. 1985ರ ಅಕ್ಟೋಬರಿನಲ್ಲಿ, ಎರಡನೆಯ ವರ್ಷದ ಮೂರನೆಯ ಪಂದ್ಯದಲ್ಲಿ ಅವನ ಎಡಪಾದದ ಮೂಳೆ ಮುರಿದು 64 ಪಂದ್ಯಗಳು ತಪ್ಪಿಹೋದವು. ಅವನ ಮೂಳೆ ಕೂಡಿಕೊಂಡಿತು. ಆ ಋತುವಿನ ಕೊನೆಗೆ ಬಾಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ 63 ಅಂಕ ಗಳಿಸಿದ. ಒಬ್ಬನ ಮೂಳೆ ಕೂಡಿತು, ಇನ್ನೊಬ್ಬನದು ಕೂಡಲಿಲ್ಲ. ಈ ವ್ಯತ್ಯಾಸವನ್ನು 1984ರ ಜೂನಿನಲ್ಲಿ ಯಾವ ಪಂಡಿತ ಕಾಣಬಲ್ಲವನಾಗಿದ್ದ?

ಹಾಗಾದರೆ ತಪ್ಪೇ ಆಗಲಿಲ್ಲವೇ? ಆಯಿತು ಎಂದೇ ನನ್ನ ಭಾವನೆ. ಆದರೆ ಜನ ತೋರಿಸುವ ಜಾಗದಲ್ಲಲ್ಲ. ಅಂದು ಒಲಿಂಪಿಕ್ ತಂಡದ ತರಬೇತುದಾರರಾಗಿದ್ದ ಬಾಬಿ ನೈಟ್, ಜೋರ್ಡನ್ನನನ್ನು ತೆಗೆದುಕೊಳ್ಳಿ ಎಂದು ಇನ್‌ಮನ್ನರಿಗೆ ಹೇಳಿದರೆಂದೂ, ನಮಗೆ ಸೆಂಟರ್ ಬೇಕು ಎಂದಾಗ ಅವನನ್ನೇ ಸೆಂಟರ್ ಆಡಿಸಿ ಎಂದರೆಂದೂ ಒಂದು ಕತೆಯಿದೆ. ಕತೆಯ ತಿರುಳನ್ನು ಗಮನಿಸಿ. ಪೋರ್ಟ್‌ಲ್ಯಾಂಡ್ ಕೇಳಿದ ಪ್ರಶ್ನೆ ‘ನಮ್ಮಲ್ಲಿ ಏನಿಲ್ಲ?’ ಎಂಬುದು. ನೈಟ್ ಕೇಳಿದ್ದು ‘ಈ ಹುಡುಗ ಯಾರು?’ ಎಂಬುದು. ಮೊದಲ ಪ್ರಶ್ನೆ ಕೇಳುವವನು ಹುಡುಗನ ಮುಖವನ್ನು ನೋಡುತ್ತಿರುವಂತೆ ಕಂಡರೂ ತನ್ನ ಮನೆಯ ಖಾಲಿ ಜಾಗವನ್ನೇ ನೋಡುತ್ತಿರುತ್ತಾನೆ. ಖಾಲಿ ಜಾಗದ ಅಳತೆಗೆ ಹೊಂದಿದವನು ಕಂಡ ಕೂಡಲೇ ಅವನ ಕಾಲಿನ ಬಿರುಕು ಚಿಕ್ಕದಾಗಿ ತೋರುತ್ತದೆ, ಇನ್ನೊಬ್ಬನ ಪ್ರತಿಭೆಯೂ ಚಿಕ್ಕದಾಗಿ ತೋರುತ್ತದೆ.

ಅದೇ ಬಾಬಿ ನೈಟ್ ಒಲಿಂಪಿಕ್ ತಂಡದ ಆಯ್ಕೆಯಲ್ಲಿ ಬಾರ್ಕ್ಲಿಯನ್ನೂ ಜಾನ್ ಸ್ಟಾಕ್ಟನ್ ಎಂಬವನನ್ನೂ ಕೈಬಿಟ್ಟರು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಸ್ಟಾಕ್ಟನ್ ಗೊಂಜಾಗ ಎಂಬ, ಅಂದಿಗೆ ಹೆಸರಿಲ್ಲದ ಕಾಲೇಜಿನ ಹುಡುಗ. ಡ್ರಾಫ್ಟಿನಲ್ಲಿ ಹದಿನಾರನೆಯವನಾಗಿ ಕರೆಸಿಕೊಂಡು, ಜೊತೆಗಾರರಿಗೆ ಚೆಂಡು ಒದಗಿಸುವುದರಲ್ಲಿ ಎನ್‌ಬಿಎ ಇತಿಹಾಸದಲ್ಲೇ ಮೊದಲಿಗನಾದ. ಇನ್‌ಮನ್ನರೂ 1972ರಲ್ಲಿ ಇನ್ನೊಂದು ಬಾರಿ ಎಡವಿದ್ದರು. ಲಯೋಲಾ ವಿಶ್ವವಿದ್ಯಾಲಯದ ಲರೂ ಮಾರ್ಟಿನ್ ಒಂದು ಪಂದ್ಯದಲ್ಲಿ ಮಹಾಪ್ರತಿಭೆ ವಾಲ್ಟನ್ನನಿಗೆ ಸರಿಸಾಟಿಯಾಗಿ ನಿಂತದ್ದನ್ನು ಕಂಡವರು ಅವನ ಬೆಲೆಯನ್ನು ಬಹಳ ಏರಿಸಿದರು. ಪೋರ್ಟ್‌ಲ್ಯಾಂಡ್ ಅವನನ್ನು ಮೊದಲಿಗನಾಗಿ ಆರಿಸಿತು. ನಾಲ್ಕೇ ವರ್ಷಗಳಲ್ಲಿ ಅವನ ಆಟ ಮುಗಿಯಿತು. ಎರಡನೆಯ ಸರದಿಯಲ್ಲಿ ಹೋದ ಬಾಬ್ ಮೆಕಡೂ 1975ರಲ್ಲಿ ಇಡೀ ಸಂಘಟನೆಯ ಶ್ರೇಷ್ಠ ಆಟಗಾರನಾದ. ಒಂದು ದಿನದ ಪರೀಕ್ಷೆಯ ಉತ್ತರಪತ್ರಿಕೆ ನೋಡಿ ಮಗುವಿನ ಭವಿಷ್ಯ ಬರೆಯುವ ನಾವು ಇದನ್ನು ನೋಡಿ ನಗುವಂತಿಲ್ಲ.

ನಮ್ಮಲ್ಲಿ ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯಿದೆ. ಒಳ್ಳೆಯ ಗಾದೆ, ಆದರೆ ಎಲ್ಲ ಬೀಜಗಳೂ ಒಂದೇ ದಿನ ಮೊಳೆಯುವುದಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಜೋರ್ಡನ್ನನ ಜೊತೆಗಾರನಾಗಿ ಆರು ಪ್ರಶಸ್ತಿಗಳಲ್ಲಿ ಪಾಲುಗೊಂಡ ಸ್ಕಾಟಿ ಪಿಪ್ಪನ್ನನನ್ನೇ ನೋಡಿ. ಆರ್ಕನ್ಸಾ ರಾಜ್ಯದ ಸಣ್ಣ ಕಾಲೇಜೊಂದಕ್ಕೆ ಅವನು ಸೇರಿದಾಗ ಯಾವ ಕ್ರೀಡಾ ವಿದ್ಯಾರ್ಥಿವೇತನವೂ ಇರಲಿಲ್ಲ. ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವ ಕೆಲಸದಿಂದ ಆರಂಭಿಸಿದ. ಕಾಲೇಜಿನ ವರ್ಷಗಳಲ್ಲಿ ಅರ್ಧ ಅಡಿಗೂ ಹೆಚ್ಚು ಎತ್ತರ ಬೆಳೆದ. ಆಟಗಾರರನ್ನು ಹುಡುಕುತ್ತ ಊರೂರು ಅಲೆಯುತ್ತಿದ್ದ ಮಾರ್ಟಿ ಬ್ಲೇಕ್ ಎಂಬ ಅನುಭವಿ ಅವನ ಬಗ್ಗೆ ತಂಡಗಳಿಗೆ ಸುಳಿವು ಕೊಟ್ಟರು. 1987ರಲ್ಲಿ ಐದನೆಯವನಾಗಿ ಅವನ ಆಯ್ಕೆಯಾಯಿತು. ಹದಿನೇಳನೆಯ ವಯಸ್ಸಿನಲ್ಲಿ ಅವನನ್ನು ನೋಡಿ ‘ಇವನಿಂದಾಗದು’ ಎಂದವರು ಸುಳ್ಳು ಹೇಳಲಿಲ್ಲ, ಬೇಗ ಹೇಳಿದರು ಅಷ್ಟೆ.

ಅಳೆಯುವ ಉಪಕರಣಗಳು ಹೆಚ್ಚಾದರೆ ತಪ್ಪು ಕಡಿಮೆಯಾದೀತೆಂಬ ಆಸೆ ಎಲ್ಲರಿಗೂ ಇರುತ್ತದೆ. ನಾನು ಹಿಲ್ಸ್‌ಬರೋದಲ್ಲಿದ್ದ 2007ರ ಹೊತ್ತಿಗೆ ಡ್ರಾಫ್ಟಿಗೆ ಮೊದಲು ಹುಡುಗರನ್ನು ಒಂದೆಡೆ ಸೇರಿಸಿ ಎತ್ತರ, ಚಾಚಿದ ತೋಳುಗಳ ಅಳತೆ, ನೆಗೆತ, ಓಟ, ಭಾರ ಎತ್ತುವ ಶಕ್ತಿ ಎಲ್ಲವನ್ನೂ ದಾಖಲಿಸುತ್ತಿದ್ದರು. ಟೆಕ್ಸಸ್ ವಿಶ್ವವಿದ್ಯಾಲಯದ ಕೆವಿನ್ ಡುರಾಂಟ್ ಎಂಬ ತೆಳ್ಳಗಿನ ಹುಡುಗ ಮಲಗಿಕೊಂಡು 84 ಕಿಲೋ ಭಾರವನ್ನು ಒಮ್ಮೆಯೂ ಎತ್ತಲಾರದೆ ಹೋದದ್ದು ಆ ವರ್ಷದ ದೊಡ್ಡ ಸುದ್ದಿಯಾಗಿತ್ತು. ಓಡೆನ್ನನೋ ಬಲಶಾಲಿ. ಬಲಗೈ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತ ಎಡಗೈಯಲ್ಲಿಯೇ ದಂಡದ ಎಸೆತಗಳನ್ನು ಎಸೆದು ಓಹಾಯೊ ತಂಡ ಅಂತಿಮ ಪಂದ್ಯಕ್ಕೇರಲು ನೆರವಾದವನು. ಪೋರ್ಟ್‌ಲ್ಯಾಂಡ್ ಓಡೆನ್ನನನ್ನು ಆರಿಸಿತು, ಸಿಯಾಟಲ್ ಡುರಾಂಟನನ್ನು. ನಾವು ಭಾರತಕ್ಕೆ ಮರಳಿದ ಮೇಲೆ, ಸೆಪ್ಟೆಂಬರಿನಲ್ಲಿ, ಓಡೆನ್ನನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಸುದ್ದಿ ಬಂತು. ಮೊದಲ ವರ್ಷ ಪೂರ್ತಿ ಹೋಯಿತು. ಪೋರ್ಟ್‌ಲ್ಯಾಂಡಿಗಾಗಿ ಅವನು ಆಡಿದ್ದು ಒಟ್ಟು 82 ಪಂದ್ಯ, ಅಂದರೆ ಒಂದೇ ಋತುವಿನ ಲೆಕ್ಕ. ಭಾರ ಎತ್ತಲಾರದ ಡುರಾಂಟ್ 2014ರಲ್ಲಿ ಶ್ರೇಷ್ಠ ಆಟಗಾರನಾದ, 2017 ಮತ್ತು 2018ರಲ್ಲಿ ಪ್ರಶಸ್ತಿ ಗೆದ್ದ. ಫೋನಿನಲ್ಲಿ ಮಾತನಾಡಿದಾಗ ನನ್ನ ಅಂಚೆಯ ಮಿತ್ರರು, "ಹುಡುಗನ ತಪ್ಪೇನೂ ಇಲ್ಲ" ಎಂದರು. ಅವರು ಅಂದು ಚೌಕಕ್ಕೆ ಹೋಗದಿದ್ದುದು ಓಡೆನ್ನನ ಮೇಲಿನ ಅಪನಂಬಿಕೆಯಿಂದಲ್ಲ, ಬೋವಿಯನ್ನು ಊರು ನಡೆಸಿಕೊಂಡ ರೀತಿಗೆ ನಾಚಿ ಎಂದು ಆಗ ನನಗೆ ಹೊಳೆಯಿತು. ಸಾವಿರಾರು ಜನ ಹೊತ್ತು ಕುಣಿದವನನ್ನು ಅದೇ ಜನ ಕಾಲು ಮುರಿದ ತಪ್ಪಿಗೆ ಶಪಿಸಿದರು.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ.

1979ರಲ್ಲಿ ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದುದರಿಂದ ಖೋ ಖೋ ತಂಡದ ಹೊಣೆ ನನ್ನ ಮೇಲೆ ಬಿದ್ದಿತ್ತು. ಆ ವರ್ಷ ನಮ್ಮ ಹುಡುಗರು ತಾಲ್ಲೂಕು ಮಟ್ಟದಲ್ಲಿ ಗೆದ್ದು ಜಿಲ್ಲೆಗೆ ಆಯ್ಕೆಯಾಗಿದ್ದರು. ತಂಡದಲ್ಲಿ ಒಬ್ಬ ಹುಡುಗನಿದ್ದ, ಹತ್ತನೆಯ ತರಗತಿಯವನು. ಕಂಬದ ಬಳಿ ಅವನು ಮೈ ಬಾಗಿಸಿ ತಿರುಗಿದರೆ ಹಿಂದೆ ಬಿದ್ದವನಿಗೆ ಗಾಳಿಯೇ ಸಿಗುತ್ತಿತ್ತು. ಹೊರಡುವ ಎರಡು ದಿನ ಮುಂಚೆ ಅವನು ಗದ್ದೆಯ ಬದುವಿನಿಂದ ಜಾರಿ ಕಾಲು ಉಳುಕಿಸಿಕೊಂಡನೆಂದು ಯಾರೋ ಹೇಳಿದರು. ಕರೆಸಿದೆ. ಹರಡು ಸ್ವಲ್ಪ ಊದಿತ್ತು. ಹೆಬ್ಬೆರಳಿನಿಂದ ಒತ್ತಿ, "ನೋವಿದೆಯೇನೋ?" ಎಂದು ಕೇಳಿದೆ. "ಇಲ್ಲ ಸಾರ್" ಎಂದ. ಇನ್ನೂ ಸ್ವಲ್ಪ ಒತ್ತಿದೆ. "ಏನೂ ಇಲ್ಲ ಸಾರ್" ಎಂದು ನಕ್ಕ. ಅವನ ಕಣ್ಣಂಚಿನಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ನೋಡಿಯೂ ನೋಡದಂತಿದ್ದೆ. ನನಗೆ ಕಂಬದ ಬಳಿ ತಿರುಗುವವನೊಬ್ಬ ಬೇಕಾಗಿದ್ದ.

ಎರಡನೆಯ ಪಂದ್ಯದಲ್ಲಿ ಅವನು ಬಿದ್ದ. ನಾಟಿ ಔಷಧಿ, ಕಟ್ಟು, ಎಲ್ಲ ಆಯಿತು. ಕಾಲು ನೆಟ್ಟಗೆ ಕೂಡಲಿಲ್ಲ. ಪರೀಕ್ಷೆಯ ಹೊತ್ತಿಗೆ ಶಾಲೆ ತಪ್ಪಿಸಿಕೊಂಡಿದ್ದ, ಮುಂದಕ್ಕೆ ಓದಲಿಲ್ಲ. ನಾನು ವರ್ಗವಾಗಿ ಹೋದೆ.

ನನ್ನ ನಿವೃತ್ತಿಯ ದಿನ ಅವನು ಬಂದಿದ್ದ. ತನ್ನೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡು ಚೆನ್ನಾಗಿಯೇ ಇದ್ದಾನೆ. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾನೆ. ಹಾರ ಹಾಕಿ ಕಾಲಿಗೆ ನಮಸ್ಕರಿಸಲು ಬಗ್ಗಿದವನನ್ನು ಹಿಡಿದು ನಿಲ್ಲಿಸಿ, "ಅವತ್ತು ನಿಜ ಯಾಕೆ ಹೇಳಲಿಲ್ಲವೋ?" ಎಂದು ಕೇಳಿದೆ. ಅವನು ನಗುತ್ತಲೇ, "ನಿಜ ಹೇಳಿದ್ರೆ ನೀವು ನನ್ನ ಬಿಟ್ಟುಬಿಡ್ತಿದ್ರಿ ಮೇಷ್ಟ್ರೇ. ನಮ್ಮೂರಿಂದ ಜಿಲ್ಲೆಗೆ ಹೋದೋರು ಯಾರಿದ್ರು?" ಎಂದ.

ಬೋವಿಯ ಮಾತನ್ನು ಕೇಳಿದಾಗ ನನಗೆ ಕೇಳಿಸಿದ್ದು ಈ ಹುಡುಗನ ದನಿ. ಇಬ್ಬರಿಗೂ ಒಂದೇ ವಿಷಯ ಗೊತ್ತಿತ್ತು: ನಿಜ ಹೇಳಿದವನಿಗೆ ಸರದಿ ಬರುವುದಿಲ್ಲ. ಆ ತಿಳಿವಳಿಕೆಯನ್ನು ಅವರಿಗೆ ಕೊಟ್ಟವರು ಆಯ್ಕೆ ಮಾಡುವ ನಾವು. ಮೊಳಕೆಯನ್ನು ನೋಡಿ ಮರವನ್ನು ಊಹಿಸುವಾಗ ತಪ್ಪುವುದು ಸಹಜ. ಇನ್‌ಮನ್ ತಪ್ಪಿದರು, ನೈಟ್ ತಪ್ಪಿದರು, ನಾಳೆ ಬರುವವರೂ ತಪ್ಪುತ್ತಾರೆ. ಅದಕ್ಕೆ ಕ್ಷಮೆಯಿದೆ. ಆದರೆ ಕೈಯಲ್ಲಿ ಹಿಡಿದ ಕಾಲು ನೋಯುತ್ತಿದೆಯೆಂದು ಬೆರಳಿಗೆ ತಿಳಿದ ಮೇಲೂ ‘ಇಲ್ಲ ಸಾರ್’ ಎಂಬ ಉತ್ತರವನ್ನು ಒಪ್ಪಿಕೊಳ್ಳುವುದು ಊಹೆಯ ತಪ್ಪಲ್ಲ. ಪೋರ್ಟ್‌ಲ್ಯಾಂಡಿನ ವೈದ್ಯರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ನನಗೆ ಗೊತ್ತಾಗಿತ್ತು.

ಈಗಲೂ ಪ್ರತಿ ಜೂನ್ ತಿಂಗಳಲ್ಲಿ ಮೊಮ್ಮಗ ಅಮೆರಿಕದಿಂದ ಫೋನು ಮಾಡಿ ಈ ವರ್ಷ ಯಾರು ಮೊದಲು, ಯಾರು ಎರಡನೆಯವನು ಎಂದು ಉತ್ಸಾಹದಿಂದ ಹೇಳುತ್ತಾನೆ. ಅಂದು ತೊಟ್ಟಿಲಲ್ಲಿದ್ದವನು ಈಗ ನನಗಿಂತ ಎತ್ತರ. ನಾನು ಎಲ್ಲ ಕೇಳಿಸಿಕೊಂಡು, ಆ ಹುಡುಗರ ಕಾಲುಗಳು ಚೆನ್ನಾಗಿವೆಯೇನಪ್ಪಾ ಎಂದು ಕೇಳುತ್ತೇನೆ. ತಾತನಿಗೆ ಆಟ ಅರ್ಥವಾಗುವುದಿಲ್ಲವೆಂದು ಅವನು ನಗುತ್ತಾನೆ.